ರಾತ್ರಿ ನಾದಿಟ್ಟ ಹಿಟ್ಟು, ಮಧ್ಯಾಹ್ನಕ್ಕೆ ಮೆತ್ತನೆ ರೋಲ್

ಪ್ರಶ್ನೆ ಹುಬ್ಬಳ್ಳಿಯ ಓದುಗರೊಬ್ಬರದು: "ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಊಟಕ್ಕೆ ಕೂಡುತ್ತೇವೆ. ಮಕ್ಕಳಿಗೆ ಮೆತ್ತನೆಯ ಡಿನ್ನರ್ ರೋಲ್ ಅಂದ್ರೆ ಪ್ರಾಣ. ಅವತ್ತೇ ನಾದಿ, ಉಬ್ಬಿಸಿ, ಬೇಯಿಸಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ಶನಿವಾರ ರಾತ್ರಿಯೇ ಒಂದು ಕಿಲೋ ಮೈದಾಕ್ಕೆ ನಾಲ್ಕು ಚಮಚ ಈಸ್ಟ್, ಬೆಚ್ಚಗಿನ ಹಾಲು ಹಾಕಿ ನಾದುತ್ತೇನೆ. ಒಂದು ತಾಸು ಹೊರಗೆ ಉಬ್ಬಿಸಿ, ಎತ್ತರದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಎದ್ದಿರುತ್ತದೆ, ಹುಳಿ ವಾಸನೆ, ಹಿಟ್ಟು ಕೈಗೆ ಅಂಟು. ಬೇಯಿಸಿದ ರೋಲ್ ಚಪ್ಪಟೆ, ಸಂಜೆಗೆ ಕಲ್ಲು. ಮೊಟ್ಟೆ ನಾವು ಬಳಸುವುದಿಲ್ಲ. ಓವನ್ 28 ಲೀಟರಿನ ಓಟಿಜಿ. ತಪ್ಪು ಓವನ್‌ದಾ, ಈಸ್ಟ್‌ದಾ, ನನ್ನ ಕೈದಾ? ಕೆಟ್ಟ ಹಿಟ್ಟನ್ನು ಎಸೆಯಲೇಬೇಕಾ?"

ಅಕ್ಕಾವ್ರೇ, ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಓವನ್ ಕೆಟ್ಟಿಲ್ಲ. ಈಸ್ಟ್ ಕೆಟ್ಟಿದ್ದರೆ ಮುಚ್ಚಳ ಏಳುತ್ತಲೇ ಇರಲಿಲ್ಲ. ನಿಮ್ಮ ಕೈಯೂ ಚೆನ್ನಾಗಿದೆ. ಹಿಟ್ಟು ಬೆಚ್ಚಗಿದ್ದಾಗಲೇ ಫ್ರಿಜ್ ಸೇರಿದೆ, ಸೇರಿದ ಮೇಲೂ ಅದರ ಹೊಟ್ಟೆ ನಡುರಾತ್ರಿ ದಾಟುವ ತನಕ ಬೆಚ್ಚಗೇ ಇತ್ತು. ಆಗಿರುವುದು ಇಷ್ಟೇ. ಹುಳಿ, ಅಂಟು, ಚಪ್ಪಟೆ ಎಲ್ಲವೂ ಇದೊಂದರಿಂದಲೇ ಬಂದದ್ದು. ಸಂಜೆಗೆ ಕಲ್ಲಾಗುವುದಕ್ಕೆ ಮಾತ್ರ ಇನ್ನೂ ಒಂದೆರಡು ಕಾರಣ ಇವೆ, ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ಇದು ಗೊತ್ತಾದದ್ದು ಒಂದು ಮೇ ತಿಂಗಳಲ್ಲಿ. ಧಾರವಾಡದಲ್ಲಿ ನಾನು ಬೇಕರಿ ಕೆಲಸಕ್ಕೆ ಇಳಿದು ಮೂರು ವರ್ಷ ಆಗಿತ್ತು. ಒಬ್ಬರ ಮನೆಯ ವಾಸ್ತುಶಾಂತಿಗೆ ಎಂಬತ್ತು ರೋಲ್ ಒಪ್ಪಿಕೊಂಡಿದ್ದೆ. ರಾತ್ರಿ ಹತ್ತಕ್ಕೆ ನಾಲ್ಕು ಕಿಲೋ ಹಿಟ್ಟು ನಾದಿ, ಒಂದೇ ಬಕೆಟ್‌ಗೆ ತುಂಬಿ, ಫ್ರಿಜ್‌ನಲ್ಲಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಐದಕ್ಕೆ ಬಂದು ಮುಟ್ಟಿದರೆ ಮೇಲೆ ತಣ್ಣಗೆ, ಗಟ್ಟಿ. ಎಲ್ಲ ಸರಿಯಿದೆ ಅಂದುಕೊಂಡೆ. ನಡುವೆ ಕೈ ಇಳಿಸಿದಾಗ ಮಣಿಕಟ್ಟು ದಾಟುತ್ತಿದ್ದಂತೆ ಬಿಸುಪು ತಾಗಿತು. ಅಲ್ಲಿ ಹಿಟ್ಟು ನೀರುನೀರಾಗಿ, ಜೇಡರ ಬಲೆಯ ಎಳೆಯಂತೆ ಬೆರಳಿಗೆ ಹತ್ತಿಕೊಂಡು ಮೇಲೆ ಬಂತು, ಜೊತೆಗೆ ಹೆಂಡದಂಥ ವಾಸನೆ. ಅವತ್ತು ಗಿರಾಕಿಗೆ ಬೇರೆ ಕಡೆಯಿಂದ ಪಾವ್ ತಂದುಕೊಟ್ಟೆ. ಆಮೇಲೆ ಒಂದು ವಾರ ಹಿಟ್ಟಿನ ನಡುವೆ ಥರ್ಮಾಮೀಟರ್ ಚುಚ್ಚಿ ತಾಸಿಗೊಮ್ಮೆ ನೋಡುತ್ತಾ ಕೂತೆ.

ಹಿಟ್ಟಿನ ಮುದ್ದೆ ಕಂಬಳಿ ಹೊದ್ದಂತೆ ಇರುತ್ತದೆ. ಅದರ ತುಂಬ ಗಾಳಿಗುಳ್ಳೆ, ಗಾಳಿ ಶಾಖವನ್ನು ಬೇಗ ದಾಟಿಸುವುದಿಲ್ಲ. ಸಾಲದ್ದಕ್ಕೆ ಈಸ್ಟ್ ಸಕ್ಕರೆ ತಿಂದು ಗಾಳಿ ಬಿಡುವಾಗ ತಾನೂ ಒಂದಿಷ್ಟು ಶಾಖ ಹುಟ್ಟಿಸುತ್ತದೆ. ಹೊರಗಿನಿಂದ ಫ್ರಿಜ್ ತಣಿಸುತ್ತಿರುತ್ತದೆ, ಒಳಗಿನಿಂದ ಈಸ್ಟ್ ಬೆಚ್ಚಗೆ ಮಾಡುತ್ತಿರುತ್ತದೆ. ಈಸ್ಟ್‌ಗೆ 25ರಿಂದ 35 ಡಿಗ್ರಿ ಅಂದರೆ ಹಬ್ಬ. 10 ಡಿಗ್ರಿಗೆ ಇಳಿದರೆ ತೂಕಡಿಸುತ್ತಾ ಕೆಲಸ ಮಾಡುತ್ತದೆ, 4 ಡಿಗ್ರಿಯಲ್ಲಿ ಹೆಚ್ಚುಕಡಿಮೆ ನಿದ್ದೆ. ನೀವು ಬೆಚ್ಚಗಿನ ಹಾಲು ಹಾಕಿ, ಹುಬ್ಬಳ್ಳಿಯ ಸೆಕೆಯಲ್ಲಿ ಒಂದು ತಾಸು ಹೊರಗಿಟ್ಟು, ಆಮೇಲೆ ಎತ್ತರದ ಡಬ್ಬಿಗೆ ತುಂಬಿದರೆ ನಡುವಿನ ಈಸ್ಟ್ ನಿದ್ದೆಗೆ ಹೋಗುವುದರೊಳಗೆ ಸಕ್ಕರೆಯೆಲ್ಲ ತಿಂದು ಮುಗಿಸಿರುತ್ತದೆ. ಹಿಟ್ಟನ್ನು ಹಿಡಿದಿಡುವ ಜಿಗುಟು ಎಳೆಗಳು ಹುಳಿಗೆ ಸಡಿಲಾಗಿ ಹರಿಯುತ್ತವೆ. ಓವನ್‌ಗೆ ಹೋದಾಗ ಉಬ್ಬಲು ಶಕ್ತಿ ಎಲ್ಲಿಂದ ಬರಬೇಕು?

ಹಾಗಾಗಿ ಹಿಟ್ಟು ಹುಟ್ಟುವಾಗಲೇ ತಂಪಾಗಿರಬೇಕು, ತೆಳ್ಳಗೆ ಹರಡಿಕೊಂಡಿರಬೇಕು, ಈಸ್ಟ್ ಕಡಿಮೆ ಇರಬೇಕು. ಹಿಟ್ಟಿನ ದಪ್ಪ ಎರಡು ಪಟ್ಟಾದರೆ ನಡುಭಾಗ ತಣಿಯಲು ಸುಮಾರು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಎತ್ತರದ ಡಬ್ಬಿ ಬಿಟ್ಟುಬಿಡಿ. ಮಿಠಾಯಿ ತುಂಬಿಡುವ ಅಗಲವಾದ ಸ್ಟೀಲ್ ಡಬ್ಬಿ ಇರುತ್ತದಲ್ವಾ, ಅದು ಇದಕ್ಕೆ ಬಹಳ ಚೆನ್ನ. ಪ್ಲಾಸ್ಟಿಕ್‌ಗಿಂತ ಸ್ಟೀಲ್ ಬೇಗ ತಣಿಯುತ್ತದೆ.

ಹಾಲು ಎಷ್ಟು ತಂಪಿರಬೇಕು ಅನ್ನುವುದಕ್ಕೆ ಬೇಕರಿಯವರ ಒಂದು ಲೆಕ್ಕ ಇದೆ. ನಾದಿ ಮುಗಿದಾಗ ಹಿಟ್ಟು 24 ಡಿಗ್ರಿ ಇರಬೇಕು ಅಂತಿಟ್ಟುಕೊಳ್ಳಿ. ಅದನ್ನು ಮೂರರಿಂದ ಗುಣಿಸಿ, 72. ಅದರಲ್ಲಿ ಅಡುಗೆಮನೆಯ ಬಿಸಿ ಕಳೆಯಿರಿ, ಮೈದಾದ ಬಿಸಿ ಕಳೆಯಿರಿ, ಉಳಿದದ್ದು ಹಾಲಿನ ಲೆಕ್ಕ. ಏಪ್ರಿಲ್ ತಿಂಗಳ ರಾತ್ರಿ ಅಡುಗೆಮನೆ 32 ಡಿಗ್ರಿ ಇದ್ದರೆ ಮೈದಾನೂ ಅಷ್ಟೇ ಇರುತ್ತದೆ, ಉಳಿಯುವುದು 8. ಅಂದರೆ ಫ್ರಿಜ್‌ನಿಂದ ತೆಗೆದ ಹಾಲೇ ಸರಿ. ಡಿಸೆಂಬರ್‌ನಲ್ಲಿ ಅಡುಗೆಮನೆ 22 ಇದ್ದರೆ ಹಾಲು 28, ಉಗುರುಬೆಚ್ಚಗೂ ಬೇಡ, ಸುಮ್ನೆ ಹೊರಗಿಟ್ಟ ಹಾಲಿಗಿಂತ ಚೂರು ಬಿಸಿ. ಗದಗದ ಕಡೆ ಮೇ ತಿಂಗಳಲ್ಲಿ ಅಡುಗೆಮನೆಯೇ 36 ಆಗಿಬಿಟ್ಟರೆ ಲೆಕ್ಕ ಸೊನ್ನೆಗೆ ಬರುತ್ತದೆ, ಆಗ ಮೈದಾವನ್ನೂ ಒಂದೆರಡು ತಾಸು ಫ್ರಿಜ್‌ನಲ್ಲಿಡಿ. ಕೈಯಿಂದ ನಾದುವವರಿಗೆ ಇಷ್ಟು ಲೆಕ್ಕ ಸಾಕು. ಮಿಕ್ಸರ್‌ನಲ್ಲಿ ನಾದಿದರೆ ಉಜ್ಜಾಟಕ್ಕೇ ಬಿಸಿ ಏರುತ್ತದೆ, ಇನ್ನೂ ನಾಲ್ಕಾರು ಡಿಗ್ರಿ ಕಳೆಯಬೇಕು.

ಇಲ್ಲಿ ಒಂದು ಎಚ್ಚರ. ಸಣ್ಣ ಸಾಸಿವೆಗಿಂತಲೂ ನುಣ್ಣಗಿರುವ ಇನ್‌ಸ್ಟಂಟ್ ಈಸ್ಟ್‌ಗೆ ತಣ್ಣನೆ ಹಾಲು ನೇರವಾಗಿ ತಾಗಬಾರದು, ಅದರ ಬಲ ಕುಗ್ಗುತ್ತದೆ. ಮೊದಲು ಒಣ ಮೈದಾದಲ್ಲಿ ಕಲಸಿಬಿಡಿ, ಆಮೇಲೆ ಹಾಲು. ನಿಮ್ಮಲ್ಲಿರುವುದು ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಈಸ್ಟ್ ಆಗಿದ್ದರೆ ಅದನ್ನು ಮಾತ್ರ ಎರಡು ದೊಡ್ಡ ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಕ್ಕರೆ ಹಾಕಿ ಹತ್ತು ನಿಮಿಷ ನೆನೆಸಿ, ನೊರೆ ಬಂದ ಮೇಲೆ ಬಳಸಿ. ನೊರೆ ಬರದಿದ್ದರೆ ಆ ಪಾಕೀಟು ಮುಗಿದ ಕತೆ, ಮುಂದುವರಿಯಬೇಡಿ. ನಮ್ಮ ಪೇಟೆಯಲ್ಲಿ ಎಷ್ಟೋ ಕಡೆ ದೊಡ್ಡ ಪಾಕೀಟು ಒಡೆದು ಚಿಕ್ಕ ಚಿಕ್ಕ ಚೀಲದಲ್ಲಿ ಕಟ್ಟಿ ಮಾರುತ್ತಾರೆ, ಅದರ ಮೇಲೆ ತಾರೀಖು ಇರುವುದಿಲ್ಲ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಸೀಲ್ ಇರುವ ಪಾಕೀಟು ತಗೊಳ್ಳಿ. ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಡಿ, ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ.

ಈಗ ಅಳತೆ. ಅರ್ಧ ಕಿಲೋ ಮೈದಾಕ್ಕೆ ಹೇಳುತ್ತೇನೆ, ಇದರಲ್ಲಿ 50 ಗ್ರಾಮಿನ 18 ರೋಲ್ ಆಗುತ್ತವೆ. ಮೈದಾ 500 ಗ್ರಾಂ. ಕಾಯಿಸಿ ಆರಿಸಿದ ಹಾಲು ಒಟ್ಟು 325 ಮಿಲಿ ಲೀಟರ್. ಸಕ್ಕರೆ 50 ಗ್ರಾಂ, ಬೆಣ್ಣೆ 50 ಗ್ರಾಂ, ಉಪ್ಪು 9 ಗ್ರಾಂ, ಉಪ್ಪು ಹಾಕಿದ ಬೆಣ್ಣೆಯಾದರೆ 8 ಸಾಕು. ಹಾಲಿನ ಪುಡಿ ಎರಡು ದೊಡ್ಡ ಚಮಚ, ಮೊಟ್ಟೆ ಇಲ್ಲದ ಕೊರತೆಯನ್ನು ಇದು ಸಾಕಷ್ಟು ತುಂಬುತ್ತದೆ. ಇನ್‌ಸ್ಟಂಟ್ ಈಸ್ಟ್ ಚಳಿಗಾಲದಲ್ಲಿ 5 ಗ್ರಾಂ, ಬೇಸಿಗೆಯಲ್ಲಿ 4 ಗ್ರಾಂ. ಮಟ್ಟಸವಾದ ಒಂದು ಟೀ ಚಮಚಕ್ಕೆ ಸುಮಾರು 3 ಗ್ರಾಂ ಬರುತ್ತದೆ. ನೀವು ಕಿಲೋಗೆ ನಾಲ್ಕು ಚಮಚ ಹಾಕುತ್ತಿದ್ದದ್ದು ಹೆಚ್ಚುಕಡಿಮೆ 12 ಗ್ರಾಂ, ಅದೇ ದಿನ ಬೇಯಿಸುವ ಹಿಟ್ಟಿಗೆ ಅದು ಸರಿ, ರಾತ್ರಿಯಿಡೀ ಇಡುವ ಹಿಟ್ಟಿಗೆ ಜಾಸ್ತಿ. ಸಾಧ್ಯವಾದರೆ ಒಂದು ಸಣ್ಣ ತಕ್ಕಡಿ ಕೊಳ್ಳಿ ಅಕ್ಕಾವ್ರೇ. ಮೈದಾವನ್ನು ಬಟ್ಟಲಲ್ಲಿ ಒತ್ತಿ ತುಂಬಿದರೆ ಒಂದು ತೂಕ, ಸಡಿಲಾಗಿ ತುಂಬಿದರೆ ಇನ್ನೊಂದು. ರೋಲ್ ಗಟ್ಟಿಯಾಗುವುದಕ್ಕೆ ಅರ್ಧ ಕಾರಣ ಆ ಬಟ್ಟಲೇ ಆಗಿರುತ್ತದೆ.

ಈ ಮೈದಾದಲ್ಲೇ 25 ಗ್ರಾಂ ತೆಗೆದು, ಹಾಲಿನಲ್ಲೇ 125 ಮಿಲಿ ತೆಗೆದು, ಎರಡನ್ನೂ ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ಗಂಜಿ ಕಾಯಿಸಬೇಕು. ಎರಡು ಮೂರು ನಿಮಿಷ ಸಾಕು. ಚಮಚ ಎಳೆದರೆ ತಳದಲ್ಲಿ ಗೆರೆ ಕಾಣುವಷ್ಟು ದಪ್ಪವಾದಾಗ ಇಳಿಸಿ. ಕುದಿಸಿ ಅಂಟು ಮಾಡಬೇಡಿ. ಸಂಜೆಯೇ ಕಾಯಿಸಿ ಪೂರ್ತಿ ಆರಿಸಿಟ್ಟುಕೊಳ್ಳಿ, ಬಿಸಿ ಗಂಜಿ ಹಾಕಿದರೆ ಮೇಲಿನ ಲೆಕ್ಕವೆಲ್ಲ ನೀರಲ್ಲಿ ಹೋಮ.

ಈ ಗಂಜಿ ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಳದ ರೊಟ್ಟಿಗೆ ಎಸರಿಟ್ಟು ಕುದಿನೀರು ಸುರಿದು ಹಿಟ್ಟು ಕಲಸುತ್ತೀರಲ್ವಾ? ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಹರಿಯುತ್ತದೆ, ಎಸರಿನಲ್ಲಿ ಕಲಸಿದ್ದು ಕೂಡಿಕೊಂಡು ಅಗಲವಾಗುತ್ತದೆ, ರೊಟ್ಟಿ ಮೆತ್ತಗೂ ಬರುತ್ತದೆ. ಬಿಸಿಗೆ ಹಿಟ್ಟಿನ ಪಿಷ್ಟ ಬಾತು ಎಷ್ಟೋ ಪಟ್ಟು ನೀರು ಕುಡಿದು ಬಿಗಿಹಿಡಿಯುತ್ತದೆ. ಇಲ್ಲೂ ಅದೇ. ಆ ಗಂಜಿ ಹಿಡಿದಿಟ್ಟ ನೀರು ಓವನ್‌ನಲ್ಲೂ ಬೇಗ ಆರುವುದಿಲ್ಲ, ರೋಲ್ ಮರುದಿನವೂ ಮೆತ್ತಗಿರುತ್ತದೆ. ಜಪಾನಿನವರು ಮೈದಾಕ್ಕೆ ಕುದಿನೀರು ಸುರಿದು ಮಾಡುವುದನ್ನು ಯುದಾನೆ ಅನ್ನುತ್ತಾರೆ, ಗಂಜಿ ಕಾಯಿಸುವುದಕ್ಕೆ ಚೀನೀ ಹೆಸರು ಟಾಂಗ್‌ಝಾಂಗ್. ನಮ್ಮ ಕಡೆಯ ಹೆಣ್ಣುಮಕ್ಕಳ ಎಸರೂ ಅದೇ ವಿದ್ಯೆ, ಅದಕ್ಕೆ ತರಗತಿಯಲ್ಲಿ ನಾನು ಎಸರು ಅಂತಲೇ ಕಲಿಸುತ್ತೇನೆ.

ನಾದುವುದಕ್ಕೆ ಬರೋಣ. ಪರಾತದಲ್ಲಿ ಮೈದಾ, ಈಸ್ಟ್, ಸಕ್ಕರೆ, ಹಾಲಿನ ಪುಡಿ ಕಲಸಿ, ಆರಿದ ಗಂಜಿ ಮತ್ತು ಉಳಿದ 200 ಮಿಲಿ ಹಾಲು ಹಾಕಿ ಒಂದು ಮುದ್ದೆ ಮಾಡಿ. ಈಗ ಅದು ಒರಟಾಗಿ, ಅಂಟಂಟಾಗಿ ಇರುತ್ತದೆ. ಇಲ್ಲೇ ಎಲ್ಲರೂ ಗಾಬರಿಯಾಗಿ ಒಣ ಹಿಟ್ಟು ಉದುರಿಸುವುದು. ದಯವಿಟ್ಟು ಉದುರಿಸಬೇಡಿ. ಮುಚ್ಚಿ 20 ನಿಮಿಷ ಬಿಟ್ಟುಬಿಡಿ. ಹೋಳಿಗೆಯ ಕಣಕ ನೆನೆದ ಮೇಲೆ ಹೇಗೆ ತಾನಾಗಿ ನುಣುಪಾಗುತ್ತದೋ ಹಾಗೆ ಇದೂ ಆಗುತ್ತದೆ. ಆಮೇಲೆ ಉಪ್ಪು ಹಾಕಿ ನಾಲ್ಕು ನಿಮಿಷ ನಾದಿ, ಮೆತ್ತಗಿನ ಬೆಣ್ಣೆಯನ್ನು ಎರಡು ಮೂರು ಸಲ ಸೇರಿಸುತ್ತಾ ಇನ್ನೂ ಆರೇಳು ನಿಮಿಷ ನಾದಿ. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಕೆಟ್ಟೇಹೋಯಿತು ಅನ್ನಿಸುತ್ತದೆ, ಜಾರುತ್ತದೆ, ಹರಿಯುತ್ತದೆ. ಬಿಡಬೇಡಿ, ಎರಡು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಕೈಗೆ ತೀರಾ ಹತ್ತಿದರೆ ಅಂಗೈಗೆ ಒಂದು ಹನಿ ಎಣ್ಣೆ ಸವರಿಕೊಳ್ಳಿ.

ಹದ ಗೊತ್ತಾಗುವುದು ಹೀಗೆ. ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ನಾಲ್ಕೂ ಕಡೆ ಮೆಲ್ಲಗೆ ಎಳೆಯಿರಿ. ಹರಿಯದೆ ತೆಳ್ಳಗೆ ಪೊರೆಯಂತಾಗಿ ಅದರಾಚೆ ಬೆರಳಿನ ನೆರಳು ಕಂಡರೆ ಸಾಕಷ್ಟು ನಾದಿದ್ದೀರಿ. ಪೂರ್ತಿ ಆಗದಿದ್ದರೂ ಚಿಂತೆಯಿಲ್ಲ, ರಾತ್ರಿ ಫ್ರಿಜ್‌ನಲ್ಲಿ ಕೂತು ಆ ಎಳೆಗಳು ಇನ್ನಷ್ಟು ಕೂಡಿಕೊಳ್ಳುತ್ತವೆ. ಜುಲೈ ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಮೈದಾ ತಾನೇ ತೇವ ಎಳೆದುಕೊಂಡಿರುತ್ತದೆ, ಆಗ ಹಾಲು ಒಂದು ಚಮಚ ಕಡಿಮೆ ಮಾಡಿ. ಬೇಸಿಗೆಯಲ್ಲಿ ಒಂದು ಚಮಚ ಜಾಸ್ತಿ ಬೇಡುತ್ತದೆ.

ನಾದಿದ ಮೇಲೆ ಬೇಸಿಗೆಯಲ್ಲಿ ಹೊರಗೆ ಇಡಲೇಬೇಡಿ. ಚಳಿಯಲ್ಲಿ ಅರ್ಧ ತಾಸು ಇಡಬಹುದು. ಎಣ್ಣೆ ಸವರಿದ ಅಗಲ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೂ ತೆಳ್ಳಗೆ ಎಣ್ಣೆ ಸವರಿ, ಮುಚ್ಚಿ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಹಿಂದಕ್ಕೆ ಇಡಿ. ಬಾಗಿಲಿನ ಕಡೆ ಬೇಡ, ಅದು ದಿನಕ್ಕೆ ಐವತ್ತು ಸಲ ತೆರೆದು ಮುಚ್ಚುವ ಜಾಗ. ಮಲಗುವ ಮುಂಚೆ, ಅಂದರೆ ಒಂದು ಒಂದೂವರೆ ತಾಸಿನ ಮೇಲೆ, ಒಮ್ಮೆ ತೆಗೆದು ಹಿಟ್ಟನ್ನು ಅಂಗೈಯಿಂದ ಒತ್ತಿ, ಒಂದು ಸಲ ಮಡಚಿ, ಮತ್ತೆ ಚಪ್ಪಟೆ ಮಾಡಿ ಇಡಿ. ಒಳಗಿನ ಬಿಸುಪು ಹೊರಗೆ ಬರುತ್ತದೆ, ತಂಪು ಒಳಗೆ ಹೋಗುತ್ತದೆ. ಇದೊಂದು ನಿಮಿಷದ ಕೆಲಸವನ್ನು ಜನ ಸೋಮಾರಿತನದಿಂದ ಬಿಡುತ್ತಾರೆ. ನಿಮ್ಮ ತೊಂದರೆಗೆ ಇದರಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ರಾತ್ರಿ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯದೆ ಬಿಡಿ, ನಾಲ್ಕು ತಾಸಿನವರೆಗೆ ಒಳಗೆ ತಂಪು ನಿಲ್ಲುತ್ತದೆ.

ಎಷ್ಟು ಹೊತ್ತು ಇಡಬಹುದು? ಕನಿಷ್ಠ 8 ತಾಸು. ನನಗೆ ರುಚಿ ಅನ್ನಿಸುವುದು 12ರಿಂದ 36 ತಾಸಿನ ಹಿಟ್ಟು, ದೋಸೆ ಹಿಟ್ಟು ಎರಡನೇ ದಿನಕ್ಕೆ ಹದ ಬಂದಂತೆ ಇದಕ್ಕೂ ಒಂದು ಸವಿ ಬರುತ್ತದೆ. ಮೂರು ದಿನ ದಾಟಿಸಬೇಡಿ. ಹದಿನಾಲ್ಕು ಜನಕ್ಕೆ 18 ರೋಲ್ ಸಾಲದು ಅನ್ನಿಸಿದರೆ ಕಿಲೋ ಹಿಟ್ಟನ್ನು ಒಟ್ಟಿಗೆ ನಾದಬೇಡಿ. ಅರ್ಧ ಕಿಲೋ ಶುಕ್ರವಾರ ರಾತ್ರಿ, ಇನ್ನರ್ಧ ಶನಿವಾರ ರಾತ್ರಿ, ಎರಡು ಬೇರೆ ಡಬ್ಬಿ. ಭಾನುವಾರ ಮೊದಲು ಶುಕ್ರವಾರದ್ದನ್ನು ಬೇಯಿಸಿ. ನಿಮಗೂ ತೋಳು ನೋಯುವುದಿಲ್ಲ.

ಮಧ್ಯಾಹ್ನ ಒಂದಕ್ಕೆ ಊಟ ಅಂದರೆ ಬೇಸಿಗೆಯಲ್ಲಿ ಒಂಬತ್ತೂವರೆಗೆ, ಚಳಿಯಲ್ಲಿ ಎಂಟೂವರೆಗೆ ಹಿಟ್ಟು ತೆಗೆಯಿರಿ. ಬಿಸಿಯಾಗಲಿ ಅಂತ ಕಾಯಬೇಡಿ, ತಣ್ಣಗಿದ್ದಾಗಲೇ ಉಂಡೆ ಮಾಡಿ. ಬೆಣ್ಣೆ ಗಟ್ಟಿಯಾಗಿರುವುದರಿಂದ ಅಂಟುವುದಿಲ್ಲ, ರಾತ್ರಿಯ ಅಂಟು ಹಿಟ್ಟು ಇದೇನಾ ಅನ್ನಿಸುವಷ್ಟು ಹೇಳಿದಂತೆ ಕೇಳುತ್ತದೆ. ರಾತ್ರಿಯೇ ನಾದಿಡುವುದರ ದೊಡ್ಡ ಸುಖ ನನಗೆ ಇದೇ. 50 ಗ್ರಾಮಿನ ತುಂಡು ಮಾಡಿಕೊಳ್ಳಿ. ಒಂದೊಂದನ್ನೂ ಚಪ್ಪಟೆ ಮಾಡಿ, ಹೂರಣ ತುಂಬಿದ ಮೇಲೆ ಹೋಳಿಗೆ ಕಣಕದ ಅಂಚನ್ನು ಕೂಡಿಸಿ ಚಿವುಟುತ್ತೀರಲ್ಲ, ಹಾಗೆ ಅಂಚೆಲ್ಲ ನಡುವಿಗೆ ತಂದು ಚಿವುಟಿ. ಚಿವುಟಿದ ಭಾಗ ಕೆಳಗೆ ಮಾಡಿ, ಒಣ ಹಿಟ್ಟಿಲ್ಲದ ಕಟ್ಟೆಯ ಮೇಲೆ ಅಂಗೈಯನ್ನು ಗೂಡಿನಂತೆ ಮುಚ್ಚಿ ಗರಗರ ತಿರುಗಿಸಿ. ಏಳೆಂಟು ಸುತ್ತಿಗೆ ಉಂಡೆಯ ಮೈ ಬಿಗಿಯಾಗಿ ನುಣ್ಣಗೆ ಹೊಳೆಯುತ್ತದೆ. ಈ ಬಿಗಿ ಇಲ್ಲದಿದ್ದರೆ ರೋಲ್ ಮೇಲಕ್ಕೆ ಏಳದೆ ಪಕ್ಕಕ್ಕೆ ಹರಡುತ್ತದೆ.

ಎಂಟು ಇಂಚಿನ ಚೌಕ ಟಿನ್‌ಗೆ ಒಂಬತ್ತು ಉಂಡೆ, ನಡುವೆ ಅರ್ಧ ಬೆರಳು ಜಾಗ. ಉಬ್ಬಿದಾಗ ಒಂದಕ್ಕೊಂದು ತಾಗಬೇಕು. ತಾಗಿದ ಕಡೆ ಸಿಪ್ಪೆ ಬರುವುದಿಲ್ಲ, ಬಿಡಿಸಿದರೆ ಹತ್ತಿಯಂತೆ ಎಳೆ ಎಳೆಯಾಗಿ ಬರುತ್ತದೆ. ಪಾವ್ ಲಾದಿಯನ್ನು ನೆನಪಿಸಿಕೊಳ್ಳಿ, ಅದೇ ರೀತಿ. ಬಿಡಿಬಿಡಿಯಾಗಿ ಟ್ರೇನಲ್ಲಿಟ್ಟು ಬೇಯಿಸಿದರೆ ನಾಲ್ಕೂ ಕಡೆ ಬಿಸಿಗಾಳಿ ಬಡಿದು ಬೇಗ ಒಣಗುತ್ತದೆ. ನಿಮ್ಮ ಓಟಿಜಿಗೆ ಒಂದು ಸಲಕ್ಕೆ ಒಂದೇ ಟಿನ್ ಸರಿ. ಹಾಗಾಗಿ ಎರಡನೇ ಟಿನ್‌ನ ಹಿಟ್ಟನ್ನು 25 ನಿಮಿಷ ತಡವಾಗಿ ಫ್ರಿಜ್‌ನಿಂದ ತೆಗೆಯಿರಿ, ಮೊದಲನೆಯದು ಹೊರಬರುವಾಗ ಅದು ಸಿದ್ಧವಿರುತ್ತದೆ.

ಉಬ್ಬುವುದಕ್ಕೆ ಗಡಿಯಾರ ನಂಬಬೇಡಿ. ಬೇಸಿಗೆಯಲ್ಲಿ ಒಂದೂಕಾಲು ಒಂದೂವರೆ ತಾಸು, ಚಳಿಯಲ್ಲಿ ಎರಡೂವರೆ. ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ನಮ್ಮ ಒಣಗಾಳಿಗೆ ಮೇಲೆ ಹಪ್ಪಳದಂಥ ಪದರ ಕಟ್ಟಿ ಹಿಟ್ಟು ಏಳುವುದಿಲ್ಲ. ಬೆರಳಿಗೆ ಹಿಟ್ಟು ಸವರಿಕೊಂಡು ಉಂಡೆಯ ಪಕ್ಕ ಮೆಲ್ಲಗೆ ಒತ್ತಿ ನೋಡಿ. ಕುಣಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಮೇಲೆ ಬಂದು ಚೂರು ಗುರುತು ಉಳಿದರೆ ಈಗಲೇ ಓವನ್‌ಗೆ. ಕುಣಿ ಹಾಗೇ ಉಳಿದರೆ ತಡವಾಗಿದೆ, ಆದರೂ ಬೇಯಿಸಿಬಿಡಿ. ಚಳಿಗೆ ಏಳದಿದ್ದರೆ ಆರಿಸಿದ ಓಟಿಜಿಯಲ್ಲಿ ಟಿನ್ ಇಟ್ಟು ಪಕ್ಕದಲ್ಲಿ ಒಂದು ಬಟ್ಟಲು ಬಿಸಿನೀರು ಇಡಿ.

ಓವನ್ ಎರಡೂ ರಾಡ್ ಹಚ್ಚಿ 180 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಿಸಿ. ರೋಲ್ ಮೇಲೆ ಹಾಲು ಸವರಿ, ನಡುವಿಗಿಂತ ಒಂದು ಮಟ್ಟ ಕೆಳಗೆ ಇಡಿ, ಓಟಿಜಿಯಲ್ಲಿ ಮೇಲಿನ ರಾಡ್ ಬಹಳ ಹತ್ತಿರ ಇರುತ್ತದೆ. 20ರಿಂದ 22 ನಿಮಿಷ. ಹನ್ನೆರಡು ನಿಮಿಷಕ್ಕೇ ಮೇಲೆ ಕೆಂಪಾದರೆ ಫಾಯಿಲ್ ಸಡಿಲಾಗಿ ಮುಚ್ಚಿ. ಥರ್ಮಾಮೀಟರ್ ಇದ್ದರೆ ನಡುವಿನ ರೋಲ್‌ಗೆ ಚುಚ್ಚಿ ನೋಡಿ, 88ರಿಂದ 90 ಡಿಗ್ರಿ ಬಂದರೆ ಆಯಿತು. ಸುಟ್ಟುಹೋಗುತ್ತದೆ ಅಂತ ಹೆದರಿ 150 ಡಿಗ್ರಿಯಲ್ಲಿ 40 ನಿಮಿಷ ಬೇಯಿಸುವವರು ಬಹಳ ಜನ. ಕಲ್ಲಾಗುವುದು ಅಲ್ಲೇ. ಮೆಲ್ಲಗೆ ಬೇಯಿಸಿದಷ್ಟೂ ನೀರು ಹಾರಿಹೋಗುತ್ತದೆ. ನೀವೂ ಹಾಗೆ ಮಾಡುತ್ತಿದ್ದೀರೋ ಏನೋ, ಬಿಸಿ ಎಷ್ಟಿಟ್ಟಿರಿ ಅಂತ ಬರೆದಿಲ್ಲ.

ಹೊರಗೆ ತೆಗೆದ ಕೂಡಲೇ ಬೆಣ್ಣೆ ಸವರಿ. ಐದು ನಿಮಿಷ ಬಿಟ್ಟು ಟಿನ್‌ನಿಂದ ಜಾಲರಿ ಮೇಲೆ ಇಳಿಸಿ, ಒಣ ಹತ್ತಿ ಬಟ್ಟೆ ಮುಚ್ಚಿ. ಚಪಾತಿಯನ್ನು ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟರೆ ಹೇಗೆ ತನ್ನ ಹಬೆಗೇ ಮೆತ್ತಗಾಗುತ್ತದೋ ಹಾಗೆ ಇದರ ಸಿಪ್ಪೆಯೂ ಮೆತ್ತಗಾಗುತ್ತದೆ. ಟಿನ್‌ನಲ್ಲೇ ಬಿಟ್ಟರೆ ಮಾತ್ರ ತಳ ಬೆವರಿ ಒದ್ದೆಯಾಗುತ್ತದೆ.

ಇನ್ನು ಸಂಜೆಯ ಮಾತು. ಉಳಿದ ರೋಲ್‌ಗಳನ್ನು ಫ್ರಿಜ್‌ನಲ್ಲಿಟ್ಟಿದ್ದಿರಾ? ನನಗೆ ಆ ಅನುಮಾನ ಇದೆ. ಹಸಿ ಹಿಟ್ಟಿಗೆ ಫ್ರಿಜ್ ಒಳ್ಳೆಯದು, ಬೆಂದ ಬ್ರೆಡ್‌ಗೆ ಅದೇ ಶತ್ರು. ಬೆಂದಾಗ ಬಾತಿದ್ದ ಪಿಷ್ಟ ಆರಿದ ಮೇಲೆ ಮತ್ತೆ ಬಿಗಿಯಾಗುತ್ತಾ ಹೋಗುತ್ತದೆ, ಆ ಬಿಗಿಯುವಿಕೆ ಫ್ರಿಜ್‌ನ ತಂಪಿನಲ್ಲಿ ಎಲ್ಲಕ್ಕಿಂತ ಜೋರು. ರಾತ್ರಿಯ ಅನ್ನ ಫ್ರಿಜ್‌ನಲ್ಲಿ ಕಾಳುಕಾಳಾಗಿ ಗಟ್ಟಿಯಾಗುವುದೂ ಇದರಿಂದಲೇ. ಎರಡು ದಿನಕ್ಕಾದರೆ ಪೂರ್ತಿ ಆರಿಸಿ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ. ಹೆಚ್ಚು ದಿನಕ್ಕಾದರೆ ನೇರವಾಗಿ ಫ್ರೀಜರ್. ತಿನ್ನುವ ಮುಂಚೆ ಇಡ್ಲಿ ಪಾತ್ರೆಯಲ್ಲಿ ಒಂದೆರಡು ನಿಮಿಷ ಹಬೆ ಕೊಟ್ಟರೆ ಆಗಷ್ಟೇ ಬೆಂದಂತಾಗುತ್ತದೆ. ಹಬೆ ಕೊಟ್ಟದ್ದನ್ನು ಆಗಲೇ ತಿಂದುಬಿಡಬೇಕು, ಎರಡನೇ ಸಲ ಆ ಆಟ ನಡೆಯುವುದಿಲ್ಲ.

ಅಂಗಡಿಯ ಬನ್ ನಾಲ್ಕು ದಿನ ಮೆತ್ತಗಿರುತ್ತದಲ್ಲ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅಲ್ಲಿ ಬ್ರೆಡ್ ಇಂಪ್ರೂವರ್ ಅನ್ನುವ ಪುಡಿ ಹಾಕುತ್ತಾರೆ, ಬೂಸ್ಟು ಹಿಡಿಯದಿರಲು ಬೇರೆ ಪುಡಿ. ಮಿತಿಯಲ್ಲಿ ಹಾಕಲು ಕಾನೂನಿನ ಒಪ್ಪಿಗೆ ಇರುವಂಥವೇ ಇವು. ಮೊದಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್‌ಗೆ ಮಾತ್ರ 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧ ಬಂತು. ಮನೆಗೆ ಇವು ಯಾವುವೂ ಬೇಡ, ಗಂಜಿಯೇ ಸಾಕು.

ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದಾ ಅಂತ ಮುಂದೆ ಯಾರಾದರೂ ಕೇಳೇ ಕೇಳುತ್ತಾರೆ. 500ರಲ್ಲಿ 150 ಗ್ರಾಂ ತನಕ ಹಾಕಿ, ಎರಡು ಚಮಚ ಹಾಲು ಜಾಸ್ತಿ ಸೇರಿಸಿ. ಪೂರ್ತಿ ಗೋಧಿಯಾದರೆ ರುಚಿ ಇರುತ್ತದೆ, ಈ ಹಗುರ ಇರುವುದಿಲ್ಲ. ಜೋಳದ ಹಿಟ್ಟಿನಲ್ಲಿ ಗಾಳಿ ಹಿಡಿದಿಡುವ ಜಿಗುಟು ಇಲ್ಲವೇ ಇಲ್ಲ, ಅದನ್ನು ರೊಟ್ಟಿಗೇ ಬಿಡೋಣ.

ಉಳಿದದ್ದು ಹುಳಿ ಬಂದ ಹಿಟ್ಟಿನ ಪ್ರಶ್ನೆ. ಬಣ್ಣ ಬದಲಾಗಿದ್ದರೆ, ಬೂಸ್ಟು ಕಂಡರೆ, ಕೊಳೆತ ವಾಸನೆ ಇದ್ದರೆ ಎಸೆಯಿರಿ. ಬರೀ ಹುಳಿ ವಾಸನೆಯಾದರೆ ಎಸೆಯುವ ಕಾರಣವೇ ಇಲ್ಲ. ರೋಲ್ ಆಗುವಷ್ಟು ಬಲ ಅದರಲ್ಲಿಲ್ಲ, ಆದರೆ ತವೆಗೆ ಸೊಗಸಾಗಿ ಬರುತ್ತದೆ. ಒಂದು ಹಿಡಿ ಮೈದಾ ಸೇರಿಸಿ ನಾದಿ ಅರ್ಧ ತಾಸು ಬಿಡಿ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಿಟಿಕೆ ಜೀರಿಗೆ ಮೇಲೆ ಒತ್ತಿ, ಅರ್ಧ ಬೆರಳು ದಪ್ಪಕ್ಕೆ ತಟ್ಟಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಕೊನೆಗೆ ಬೆಣ್ಣೆ ಹಚ್ಚಿ ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ ಬಿಸಿಬಿಸಿಯಾಗಿ ಮಕ್ಕಳ ತಾಟಿಗೆ ಹಾಕಿ.